ಸೀಮೆಸುಣ್ಣದ ನಂಬರು

ಪಂಚಾಕ್ಷರಯ್ಯ ಸಾರ್ ನಮಗೆ ಇಲ್ಲದ ಮನೆಗಳನ್ನು ತೋರಿಸುತ್ತಿದ್ದರು. ಬಿನ್ನಿಪೇಟೆಯ ನಮ್ಮ ಗಲ್ಲಿಯ ನಡುವೆ ನಿಂತು, ಕಿವಿಗೆ ಸಿಕ್ಕಿಸಿದ ಪೆನ್ಸಿಲ್ ತೆಗೆದು, ಶೀಟ್ ಮನೆಗಳ ಮೇಲಿನ ಬರೀ ಆಕಾಶಕ್ಕೆ ಚಾಚಿ, "ಅಲ್ ನೋಡ್ರಿ ಅಕ್ಕೋರೆ, ಅದು ನಿಮ್ಮ ಮೂರನೇ ಮಹಡಿ. ಆ ಮೋಡ ಐತಲ್ರಿ, ಅದರ ಪಕ್ಕ ಬಟ್ಟೆ ಒಣ ಹಾಕ್ತೀರಿ" ಎನ್ನುತ್ತಿದ್ದರು. ಅಮ್ಮ ಕತ್ತೆತ್ತಿ ನೋಡುತ್ತಲೇ ಇರುತ್ತಿದ್ದಳು. ಒಲೆಯ ಮೇಲೆ ಸಾರು ಉಕ್ಕಿದರೂ ಪರಿವೆಯಿಲ್ಲ. ನನಗೂ ಅಲ್ಲೊಂದು ಕಿಟಕಿ, ಅದರಲ್ಲಿ ಹಸಿರು ಪರದೆ ಮೆಲ್ಲಗೆ ಆಡಿದಂತೆ ಕಾಣುತ್ತಿತ್ತು. ಸುಳ್ಳಲ್ಲ.

ಅವರು ದಾವಣಗೆರೆ ಕಡೆಯವರು. ನಮ್ಮ ಹಳೇ ಸಾಲುಮನೆಗಳನ್ನು ಕೆಡವಿ ಹೊಸದು ಕಟ್ಟಿಕೊಡುವ ಸರ್ಕಾರಿ ಮಂಡಳಿಯ ಸರ್ವೆಯರ್. ಜಾಗ ಪಾಲಿಕೆಯದು, ಕಟ್ಟುವುದು ಮಂಡಳಿ, ನೀರು ಮತ್ತೊಬ್ಬರದು; ಯಾವ ಕಚೇರಿಗೆ ಹೋದರೂ "ಅದು ನಮಗೆ ಬರಲ್ಲಮ್ಮ" ಎಂದು ಜಾರಿಕೊಳ್ಳುತ್ತಿದ್ದರು. ಇವರೊಬ್ಬರು ಮಾತ್ರ ಮನೆ ಮನೆಗೆ ಬಂದು, ಮೆಟ್ಟಿಲ ಮೇಲೆ ಕೂತು, ನೀರು ಕೇಳಿ ಕುಡಿದು, ಆಮೇಲೆ ಟೇಪು ಬಿಚ್ಚುತ್ತಿದ್ದರು. "ನೀರು ಕುಡೀದಿರೋ ಮನೆ ಅಳತೆ ಸರಿ ಬರಂಗಿಲ್ರಿ" ಎಂಬುದು ಅವರ ಶಾಸ್ತ್ರ.

ಅಳೆದ ಮನೆಯ ಬಾಗಿಲಿಗೆ ಕೆಂಪು ಬಣ್ಣದಲ್ಲಿ ನಂಬರು ಬರೆಯಬೇಕೆಂಬುದು ನಿಯಮ. ಅಮ್ಮ ಅಡ್ಡ ನಿಂತಳು. "ಲಕ್ಷ್ಮಿ ಬರೋ ಬಾಗ್ಲು ಸಾರ್, ಪೇಂಟ್ ಬಳೀಬೇಡಿ." ಸಾಲಿನ ಹೆಂಗಸರೆಲ್ಲ ದನಿಗೂಡಿಸಿದರು. ಸಾರ್ ನಕ್ಕು, ಸೀಮೆಸುಣ್ಣ ತೆಗೆದು ನಂಬರು ಬರೆದರು.

ಅದು ಗುರುವಾರ. ಮರುದಿನ ಶುಕ್ರವಾರ, ವಾಡಿಕೆಯಂತೆ ನಮ್ಮ ಸಾಲಿನ ಹನ್ನೊಂದು ಮನೆಯವರೂ ಬೆಳಗಾಗೆದ್ದು ಬಾಗಿಲು ತೊಳೆದು ಅರಿಶಿನ ಕುಂಕುಮ ಇಟ್ಟೆವು. ಒಬ್ಬರಿಗೂ ನಂಬರಿನ ನೆನಪಾಗಲಿಲ್ಲ! ಮಧ್ಯಾಹ್ನ ಮನೆಯವರ ಫೋಟೋ ತೆಗೆಯುವ ತಂಡ ಬಂತು. ನಂಬರಿಲ್ಲದ ಬಾಗಿಲುಗಳನ್ನು ದಾಟಿ ಹೋಯಿತು. ಕೇಳಿದ್ದಕ್ಕೆ "ನಿಮ್ದು ಆಮೇಲೆ" ಎಂದರು. ಹೊಸ ಮನೆ ಸಿಗುವವರ ಪಟ್ಟಿ ಬಂದಾಗ ನಮ್ಮ ಸಾಲೇ ಅದರಲ್ಲಿರಲಿಲ್ಲ. ಇರುವ ಮನೆ ಕೆಡವುತ್ತಾರೆ, ಹೊಸದು ಸಿಗುವುದಿಲ್ಲ. ಅಮ್ಮ ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ.

ಅಹವಾಲು ಸಭೆಗೆ ಎಲ್ಲ ಕಚೇರಿಯವರೂ ಬಂದಿದ್ದರು. "ನಂಬರ್ ಅಳಿಸಿದ್ದು ಯಾರ್ರೀ?" ಎಂದು ಮೇಲಧಿಕಾರಿ ಗದರಿದರು. ಅಮ್ಮ ನನ್ನ ಕೈ ಬಿಗಿಯಾಗಿ ಹಿಡಿದುಕೊಂಡಳು. ಅಷ್ಟರಲ್ಲಿ ಪಂಚಾಕ್ಷರಯ್ಯ ಸಾರ್ ಎದ್ದಿದ್ದರು.

"ತಪ್ಪು ನಂದು ಸಾರ್. ಪೇಂಟಲ್ಲಿ ಬರೀಬೇಕಿತ್ತು, ಬರೀಲಿಲ್ಲ. ಶುಕ್ರವಾರ ಬಾಗ್ಲು ತೊಳೀತಾರೆ ಅನ್ನೋದು ನಮ್ಮವ್ವನ ಕೈಯಾಗೆ ಬೆಳೆದೋನಿಗೆ ಗೊತ್ತಿರಬೇಕಿತ್ತು. ಬರೆದು ಕೊಡ್ತೀನಿ."

ಅಲ್ಲೇ ಬರೆದು ಸಹಿ ಹಾಕಿದರು. ಹೆಂಗಸರು ಬೇಡವೆಂದ ಮಾತು ಅದರಲ್ಲಿ ಎಲ್ಲೂ ಇರಲಿಲ್ಲ. ಸಿಬ್ಬಂದಿಯ ತಪ್ಪೆಂದು ಕಾಗದದಲ್ಲಿ ಬಂದರೆ ಮಾತ್ರ ಪಟ್ಟಿ ತಿದ್ದಬಹುದಿತ್ತಂತೆ. ನಮಗೆ ತಿಳಿದದ್ದು ಬಹಳ ತಡವಾಗಿ. ಅವರ ಮೇಲೆ ನನಗೆ ಈಗಲೂ ಎದೆ ತುಂಬ ಅಕ್ಕರೆ.

ನಮ್ಮ ಸಾಲು ಪಟ್ಟಿಗೆ ಸೇರಿತು, ಹೊಸ ಮನೆಗಳೂ ಎದ್ದವು. ಕೀ ಕೊಡುವ ದಿನ ಶಾಮಿಯಾನ, ಹಾರ, ಭಾಷಣ. ಅಮ್ಮನ ಹೆಸರನ್ನು ಎರಡು ಸಲ ಕೂಗಿದರು. ಅವಳು ಅಧಿಕಾರಿಗಳ ಕುರ್ಚಿಗಳಲ್ಲಿ ಒಂದು ಮುಖ ಹುಡುಕುತ್ತಾ ನಿಂತುಬಿಟ್ಟಿದ್ದಳು. ಮಂಡಳಿಯ ಗುಮಾಸ್ತರೊಬ್ಬರು ಹತ್ತಿರ ಬಂದು ಹೇಳಿದರು: "ಪಂಚಾಕ್ಷರಯ್ಯನವರಾ? ಬಡ್ತಿ ನಿಲ್ಸಿ ದೂರದ ಜಿಲ್ಲೆಗೆ ಹಾಕಿದ್ರಮ್ಮ. ಅವತ್ತು ಲೆಟರ್ ಕೊಟ್ರಲ್ಲ, ಅದಕ್ಕೇ."

ಅಮ್ಮ ಕೀ ಇಸಿದುಕೊಂಡು ಬಂದು ನನ್ನ ಕೈಗೆ ಹಾಕಿದಳು.

"ಅವತ್ತು ನಾನೇ ಎದ್ದು ನಿಲ್ಬೇಕಿತ್ತು ಕಣೇ," ಎಂದಳು. "ಕಾಲು ಏಳ್ಲಿಲ್ಲ."