ಯುಗಾದಿಗೆ ಬದಲಾಗುತ್ತಿದ್ದ ಹೊಲ

ಆ ದಿನ ಮಧ್ಯಾಹ್ನ ನಾವು ಬುತ್ತಿ ಬಿಚ್ಚಿದ್ದು ಮೇಲಿನ ಹೊಲದ ಬೇವಿನ ಮರದ ಕೆಳಗೆ. ಆ ವರ್ಷ ಮೇಲಿನ ಹೊಲ ಮೈದುನನ ಪಾಳಿ. ನಮ್ಮ ಜೋಳ ಇದ್ದದ್ದು ಕೆಳಗಿನ ಹೊಲದಲ್ಲಿ. ಕೆಳಗೆ ನೆರಳಿಲ್ಲ. ಅದಕ್ಕೇ ನಾನೂ ನಮ್ಮ ಯಜಮಾನರೂ ಉಣ್ಣಲು ಮೇಲೆ ಬರುತ್ತಿದ್ದೆವು.

ಹತ್ತಿ ಬಿಡಿಸುತ್ತಿದ್ದ ಮೈದುನ ತಲೆಯೆತ್ತಿ, "ಯಣ್ಣಾ, ನನ್ನ ನೆಳ್ಳಾಗ ಕುಂತು ಉಣ್ಣಾಕತ್ತೀದಿ, ಬಾಡಿಗಿ ಕೊಡು" ಅಂದ.

"ಯುಗಾದಿ ಬರ್ಲಿ ತಡಿಯಲೇ. ಆಗ ನೆಳ್ಳು ನಂದು. ನೀ ಬಿಸಲಾಗ ಕುಂದ್ರು" ಅಂದರು ಇವರು.

"ಪುಂಡಿಪಲ್ಯ ಹಚ್ಚಿ ಒಂದು ರೊಟ್ಟಿ ಕೊಡು. ಬಾಡಿಗಿ ಮುಟ್ತು ಅಂತ ತಿಳ್ಕೋತೀನಿ."

ಇವರು ರೊಟ್ಟಿ ಕೊಟ್ಟರು. ಮೂವರೂ ನಕ್ಕೆವು. ಮರುದಿನ ಬೆಳಿಗ್ಗೆ ದನಕ್ಕೆ ಮೇವು ಹಾಕುತ್ತಿದ್ದ ಇವರು ಎದೆ ಹಿಡಿದುಕೊಂಡು ಕುಳಿತರು. ಮಾನ್ವಿ ದವಾಖಾನೆ ಮುಟ್ಟುವುದರೊಳಗೆ ಜೀವ ಹೋಗಿತ್ತು.

ಹಿರೇಕೊಟ್ನೆಕಲ್ ಹತ್ತಿರದ ಆ ಹೊಲ ಜಂಟಿ. ಪಹಣಿಯಲ್ಲಿ ಅಣ್ಣತಮ್ಮರಿಬ್ಬರ ಹೆಸರೂ ಒಂದರ ಕೆಳಗೊಂದು. ಮೇಲಿನದು ಒಳ್ಳೆಯ ಎರೆಮಣ್ಣು. ಕೆಳಗಿನದರಲ್ಲಿ ಮಳೆ ಹೆಚ್ಚಾದರೆ ನೀರು ನಿಲ್ಲುತ್ತದೆ. ಯಾವಾಗಲೂ ಒಬ್ಬನೇ ಒಳ್ಳೆಯ ಮಣ್ಣು ಉಣ್ಣಬಾರದೆಂದು ನಮ್ಮ ಮಾವ ಒಂದು ರೂಢಿ ಇಟ್ಟುಹೋಗಿದ್ದರು. ಪ್ರತಿ ಯುಗಾದಿಗೆ ಮೇಲಿನವನು ಕೆಳಗೆ, ಕೆಳಗಿನವನು ಮೇಲೆ. ದೇವದುರ್ಗದ ನನ್ನ ತವರಿನಲ್ಲಿ ಎಲ್ಲರೂ ಕೂಲಿಗೆ ಹೋಗುವವರು, ಹೊಲವೆಂಬುದೇ ಇರಲಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಇದು ನನಗೆ ಮಕ್ಕಳಾಟದಂತೆ ಕಂಡಿತ್ತು. ಆಮೇಲೆ ನಾನು ಎರಡನ್ನೂ ನಮ್ಮ ಹೊಲ ಎಂದೇ ಅನ್ನತೊಡಗಿದೆ. ಯಾರೂ ತಿದ್ದಲಿಲ್ಲ.

ನಮ್ಮಲ್ಲಿ ಸತ್ತವರನ್ನು ಹೊಲದಲ್ಲೇ ಮಣ್ಣು ಮಾಡುತ್ತಾರೆ. ಆ ದಿನ ಹಿರಿಯರು ಎಲ್ಲಿ ಎಂದು ಕೇಳಿದಾಗ ಮೈದುನ ಅಳುತ್ತಲೇ, "ಅಣ್ಣ ಬಿತ್ತಿದ ಹೊಲದಾಗ" ಅಂದ. ಅದು ಎಲ್ಲರಿಗೂ ಸರಿ ಅನ್ನಿಸಿತು. ಕೆಳಗಿನ ಹೊಲದ ಮೂಲೆಯಲ್ಲಿ ಗುಂಡಿ ತೋಡಿದರು. ಯುಗಾದಿ ಹತ್ತಿರ ಬಂದಿದೆ ಎಂಬುದು ಒಬ್ಬರಿಗೂ ನೆನಪಾಗಲಿಲ್ಲ.

ಯುಗಾದಿ ಬಂತು. ರೂಢಿಯಂತೆ ನಾನು ಮೇಲೆ ಹೋದೆ, ಮೈದುನ ಕೆಳಗೆ ಬಂದ. ಇವರನ್ನು ಮಣ್ಣು ಮಾಡಿದ ಗದ್ದಿಗೆಯ ಸುತ್ತ ಅಗಲವಾಗಿ ಜಾಗ ಬಿಟ್ಟು ಟ್ರ್ಯಾಕ್ಟರ್ ತಿರುಗಿಸಿದ. ನಾನು ಬೇವಿನ ಕೆಳಗೆ ಕುಳಿತು ಅದನ್ನು ನೋಡಿದೆ. ಕೂತಲ್ಲಿಂದ ಗದ್ದಿಗೆ ಕಾಣುತ್ತಿತ್ತು. ಪಕ್ಕದಲ್ಲಿ ಅವರು ಬೆನ್ನು ಕೊಟ್ಟು ಕೂರುತ್ತಿದ್ದ ಕಾಂಡ. ಬುತ್ತಿ ಬಿಚ್ಚಿದರೆ ಮೊದಲ ರೊಟ್ಟಿಯನ್ನು ಮುರಿದು ಆ ಕಡೆ ಇಡುವುದು ಕೈಗೆ ರೂಢಿಯಾಗಿತ್ತು. ಹಾಗೇ ಇಡುತ್ತಿದ್ದೆ. ಪಾಳಿ ಮೇಲಿರಲಿ ಕೆಳಗಿರಲಿ, ಉಣ್ಣುವುದು ಅಲ್ಲೇ. ಕೆಲವು ವರ್ಷ ಹೀಗೆ ನಡೆಯಿತು.

ಹೋದ ವರ್ಷ ಮೈದುನ ಮನೆಗೆ ಬಂದು ಚಹಾ ಕುಡಿದು, ಲೋಟ ಕೆಳಗಿಟ್ಟು ಹೇಳಿದ. "ಅತ್ತಿಗೆವ್ವಾ, ಪೋಡಿ ಮಾಡಿಸಿಬಿಡೂಣು. ನಮ್ಮ ಕಾಲಕ್ಕ ಈ ಅದಲು ಬದಲು ಸರಿ. ಮುಂದ ನನ್ನ ಹುಡುಗ್ರು, ನಿಮ್ಮ ಅಳಿಯ ಬಡದಾಡಬಾರ್ದು ನೋಡ್ರಿ."

ಪೋಡಿ ಎಂದರೆ ಅಳತೆ ಮಾಡಿ, ಕಲ್ಲು ನೆಟ್ಟು, ಬೇರೆ ಬೇರೆ ಪಹಣಿ ಮಾಡುವುದು. ಮರುವಾರ ಬಸ್ಸು ಹತ್ತಿ ರಾಯಚೂರಿಗೆ ಹೋಗಿ ಒಬ್ಬ ವಕೀಲರನ್ನು ಕಂಡೆ. ಪಾಳಿಯ, ಗದ್ದಿಗೆಯ ಸಂಗತಿಯೆಲ್ಲ ಹೇಳಿ, ಯಾವ ಭಾಗ ಕಾನೂನಿನಲ್ಲಿ ನನ್ನದು ಎಂದು ಕೇಳಿದೆ.

"ಯಾವುದೂ ಅಲ್ಲಮ್ಮ, ಎಲ್ಲಾನೂ ನಿಮ್ಮದ. ಜಂಟಿ ಅಂದ್ರ ನಡುವ ಗೆರಿ ಇರಂಗಿಲ್ಲ. ಎಲ್ಲಿ ಒಂದು ಹಿಡಿ ಮಣ್ಣು ತಗೊಂಡ್ರೂ ಅದರಾಗ ಇಬ್ಬರ ಪಾಲೂ ಇರ್ತದ. ಯಾರು ಯಾವ ವರ್ಷ ಎಲ್ಲಿ ಬಿತ್ತಿದ್ರು ಅನ್ನೋದು ನಿಮ್ಮ ಅನುಕೂಲ, ಅಷ್ಟ."

"ಗೆರಿ ಎಳದ ಮ್ಯಾಲ?"

"ಆಚಿದು ಅವರದು, ಈಚಿದು ನಿಮ್ಮದು."

"ಬ್ಯಾಡ ಅನ್ನಬಹುದೇನ್ರಿ?"

"ಪಾಲು ಕೇಳೋದು ಅವರ ಹಕ್ಕು. ಬ್ಯಾಡ ಅಂದ್ರ ಕೋರ್ಟಿಗೆ ಹೋಗಿ ತಗೋತಾರ. ಗದ್ದಿಗಿ ಅವರ ಕಡಿ ಬಂದ್ರ, ನೀವು ಹೋಗಿಬರೋ ದಾರಿ ಪತ್ರದಾಗ ಬರಸೂಣು."

ಬಸ್ಸಿನಲ್ಲಿ ಬರುವಾಗ ಅದೇ ಮಾತು ತಲೆಯಲ್ಲಿತ್ತು. ನಾನು ಮಗಳಿಗೂ ಹೇಳಲಾರದೆ ಇಟ್ಟುಕೊಂಡಿದ್ದನ್ನು ಕಾನೂನು ಎಷ್ಟು ಸಲೀಸಾಗಿ ಹೇಳಿತ್ತು. ಗೆರೆ ಇಲ್ಲದಿರುವವರೆಗೆ ಅವರು ಮಲಗಿದ ಜಾಗವೂ ನನ್ನದು, ಅವರು ಕೂತ ಜಾಗವೂ ನನ್ನದು.

ಮೈದುನ ಕೆಟ್ಟವನಲ್ಲ. "ಮ್ಯಾಲಿಂದು ನೀವು ತಗೋರಿ, ಎರಿ ಮಣ್ಣು" ಅಂದ. "ಅಣ್ಣನ ಗದ್ದಿಗಿ ನಾ ನೋಡ್ಕೋತೀನಿ. ನೀವು ಬಂದ್ರ ಯಾರು ಬ್ಯಾಡಂತಾರ?"

"ನೀ ಇರೋ ತನಕ ಯಾರೂ ಅನ್ನಂಗಿಲ್ಲಪ್ಪಾ. ನಿನ್ನ ಹುಡುಗ್ರ ಕಾಲಕ್ಕ?"

"ಹಂಗಾದ್ರ ಕೆಳಗಿನ ಹೊಲಾನ ಇರ್ಲಿ ನಿಮಗ" ಅಂದ ಅವನು. ಎರೆಮಣ್ಣು ಬಿಟ್ಟುಕೊಟ್ಟೆನೆಂದು ಊರಿನಲ್ಲಿ ಕೆಲವರು ನಕ್ಕರು.

ಅಳತೆಯವರು ಬಂದು ಸರಪಳಿ ಎಳೆದರು, ಕಲ್ಲು ನೆಟ್ಟರು. ಈ ಯುಗಾದಿಗೆ ಯಾರೂ ಎಲ್ಲಿಗೂ ಹೋಗಲಿಲ್ಲ.

ಮೊನ್ನೆ ಕಳೆ ತೆಗೆಯುತ್ತಿದ್ದಾಗ ಬಿಸಿಲು ತಾಳದೆ, ಕಾಲು ತಾನಾಗಿ ಮೇಲೆ ನಡೆಯಿತು. ಬೇವಿನ ಕೆಳಗೆ ಕುಳಿತೆ. ಮೈದುನನ ಹಿರೇಸೊಸೆ ಓಡಿಬಂದು ಟವೆಲ್ಲು ಹಾಸಿದಳು. "ಬರ್ರಿ ದೊಡ್ಡವ್ವಾರ, ಹಿಂಗ್ಯಾಕ ಬರೀ ನೆಲದ ಮ್ಯಾಲ ಕುಂತ್ರಿ? ನೀರು ಕೊಡ್ಲೇನ್ರಿ?" ಅಂದಳು. ಪ್ರೀತಿಯಿಂದಲೇ ಕೇಳಿದಳು. ಆ ಮರದ ಕೆಳಗೆ ಅದುವರೆಗೆ ನನ್ನನ್ನು ಯಾರೂ ಬರ್ರಿ ಎಂದು ಕರೆದಿರಲಿಲ್ಲ.

ನೀರು ಕುಡಿದೆ. ಬುತ್ತಿ ಬಿಚ್ಚಲಿಲ್ಲ. ಕೆಳಗಿಳಿದು ಬಂದು ಗದ್ದಿಗೆಯ ಪಕ್ಕ ಬಿಸಿಲಿನಲ್ಲೇ ಉಂಡೆ. ಅಲ್ಲೊಂದು ಬೇವಿನ ಸಸಿ ಹಚ್ಚಿದ್ದೇನೆ, ಮೊಣಕಾಲೆತ್ತರ ಬಂದಿದೆ. ಅವರ ಗದ್ದಿಗೆ ನನ್ನ ಪಾಲಿಗೆ ಬಂದಿದೆ. ಮೇಲಿನ ಬೇವಿನ ಕೆಳಗೆ ಅವರ ಪಕ್ಕ ನಾನು ಕೂರುತ್ತಿದ್ದ ಜಾಗ ಬಂದಿಲ್ಲ.