ಒಂದಡಿ ತಪ್ಪಿದ ನೀಲಿ ಗೆರೆ

ಆಗಸ್ಟ್ ತಿಂಗಳ ಮುಂಜಾನೆ, ಐದು ಗಂಟೆ. ಹೊರಗೆ ಮಾರ್ಸ್‌ಬಿ ಊರಿನ ಕಡಲಹಕ್ಕಿಗಳು ಆಗಲೇ ಹಳೆಯ ಮೀನು ದಕ್ಕೆಯ ಚಾವಣಿಯ ಮೇಲೆ ಜಗಳ ಶುರುಮಾಡಿವೆ. ಒಳಗೆ ಐಸ್ ರಿಂಕಿನಲ್ಲಿ, ಮಂಜುಗಡ್ಡೆಯ ಆಟದಂಗಳದಲ್ಲಿ, ನೆವಿಲ್ ಗಾರ್ಬಟ್ ಒಬ್ಬರೇ. ಉಣ್ಣೆ ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡು, ರಬ್ಬರ್ ಪೈಪು ಹಿಡಿದು ಹಿಮ್ಮುಖವಾಗಿ ನಡೆಯುತ್ತಾ ಯಂತ್ರದಿಂದ ತಣ್ಣಗಾಗಿಸಿದ ಕಾಂಕ್ರೀಟಿನ ಮೇಲೆ ನೀರು ಚಿಮುಕಿಸುತ್ತಿದ್ದಾರೆ. ನೀರು ಬಿದ್ದಲ್ಲೇ ಬೆಳ್ಳಗೆ ಹೆಪ್ಪುಗಟ್ಟುತ್ತದೆ. ಒಂದು ಪದರ ದೋಸೆಗಿಂತ ತೆಳು. ಐಸಿನ ಮೇಲೆ ಬಿಳಿ ಬಣ್ಣ, ಆಟದ ಗೆರೆ ಬಳಿಯುವ ಮೊದಲು ಇಂಥ ಹನ್ನೆರಡು ಪದರ, ಬಳಿದ ಮೇಲೆ ಇಪ್ಪತ್ತು.

"ಅವಸರ ಮಾಡಿದ್ರೆ ಐಸು ಮುನಿಸ್ಕೊಳ್ಳುತ್ತೆ," ಎನ್ನುತ್ತಾರೆ ನೆವಿಲ್. "ಒಂದೇ ಸಲ ಸುರಿದ್ರೆ ಬಿರುಕು ಬಿಡುತ್ತೆ. ಬೆಕ್ಕಿಗೆ ಹಾಲು ಹಾಕ್ದಂಗೆ ಹಾಕ್ಬೇಕು, ಸ್ವಲ್ಪ ಸ್ವಲ್ಪ."

ಅವರಿಗೆ ಅರವತ್ತೆಂಟು ವರ್ಷ. ಹತ್ತೊಂಬತ್ತನೇ ವಯಸ್ಸಿನಲ್ಲಿ ಇಲ್ಲಿ ಕೆಲಸಕ್ಕೆ ಸೇರಿದವರು ಈವರೆಗೆ ಒಮ್ಮೆಯೂ ಸ್ಕೇಟು ಕಟ್ಟಿಲ್ಲ. ಮಂಜುಗಡ್ಡೆಯ ಮೇಲೆ ಪಾದ ಎತ್ತದೆ, ಉಜ್ಜಿಕೊಂಡು ನಡೆಯುತ್ತಾರೆ. ರಸ್ತೆಯಲ್ಲೂ ಅದೇ ನಡಿಗೆ. ಊರಿನ ಮಕ್ಕಳು ಹಿಂದೆ ನಿಂತು ಅದನ್ನು ಅಣಕಿಸುವುದು ಅವರಿಗೆ ಗೊತ್ತು. ಅದೇ ಮಕ್ಕಳು ಸ್ಕೇಟಿಂಗ್ ಕಲಿಯಲು ಬಂದಾಗ ಮೊದಲು ಬೀಳುವುದು ಬಾಗಿಲ ಬಳಿಯ ಮೂಲೆಯಲ್ಲಿ. ಆ ಮೂಲೆಗೆ ಇವರು ದಿನಾ ಒಂದು ಸುತ್ತು ಹೆಚ್ಚು ಬಿಸಿನೀರು ಹಾಯಿಸಿ ನುಣುಪು ಮಾಡಿಡುತ್ತಾರೆ. ಇದನ್ನು ಅವರಾಗಿ ಹೇಳಲಿಲ್ಲ. ಪತ್ರಿಕೆಗೆ ಬರೆಯಲು ಬಂದ ನನಗೆ ರಿಂಕಿನ ಚಹಾ ಕಟ್ಟೆಯ ಗ್ಲೆನಿಸ್ ಹೇಳಿದ್ದು.

ಗ್ಲೆನಿಸ್ ಬೆಳಗ್ಗೆ ಆರಕ್ಕೆ ಬರುತ್ತಾಳೆ. ರಿಂಕಿನ ಸುತ್ತಲಿನ ಅಂಚಿನ ಹಲಗೆಯ ಮೇಲೆ ಒಂದು ಲೋಟ ಚಹಾ, ಅದರ ಮುಚ್ಚಳದ ಮೇಲೆ ಎರಡು ಬಿಸ್ಕತ್ತು ಇಟ್ಟು ಕೂಗುತ್ತಾಳೆ: "ಏ ನೆವ್! ಹೆಪ್ಪುಗಟ್ಟೋ ಮುಂಚೆ ಕುಡಿ. ಚಹಾ ಅಲ್ಲ, ನೀನು!"

ಸೆಪ್ಟೆಂಬರಿನಿಂದ ಏಪ್ರಿಲ್‌ವರೆಗೆ ಅವರ ದಿನಚರಿ ಬದಲಾಗುವುದಿಲ್ಲ. ಇಪ್ಪತ್ತಾರು ಕಡೆ ಕೈಡ್ರಿಲ್ಲಿನಿಂದ ತೂತು ಕೊರೆದು ಮಂಜುಗಡ್ಡೆಯ ದಪ್ಪ ನೋಡುತ್ತಾರೆ. ಒಂದೂಕಾಲು ಅಂಗುಲ ಇರಬೇಕು. ಯಂತ್ರ ತಲುಪದ ಅಂಚನ್ನು ಕೈಯಿಂದ ಕೆರೆಯುತ್ತಾರೆ. ದಿನಕ್ಕೆ ಎಂಟು ಸಲ ಯಂತ್ರವೇರಿ ಇಡೀ ನೆಲವನ್ನು ನುಣುಪು ಮಾಡುತ್ತಾರೆ. ಅಕ್ಕ ತೀರಿಕೊಂಡ ಮೇಲೆ ಮನೆಯಲ್ಲಿ ಒಬ್ಬರೇ. ಇಲ್ಲೂ ಹೆಚ್ಚು ಹೊತ್ತು ಒಬ್ಬರೇ.

ಮಾರ್ಸ್‌ಬಿ ಹೆರನ್ಸ್ ಐಸ್ ಹಾಕಿ ಕ್ಲಬ್ಬಿಗೆ ಈ ವರ್ಷ ಎಪ್ಪತ್ತೈದು ತುಂಬುತ್ತದೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಊರಿನ ಹುಡುಗಿಯರನ್ನು ಮದುವೆಯಾಗಿ ಇಲ್ಲೇ ಉಳಿದ ನಾಲ್ವರು ಕೆನಡಾದ ಸೈನಿಕರು, ಮೀನಿಗೆ ಐಸ್ ತಯಾರಿಸುತ್ತಿದ್ದ ಕಾರ್ಖಾನೆಯ ಗೋದಾಮಿನಲ್ಲಿ ಶುರುಮಾಡಿದ ಕ್ಲಬ್ಬು ಇದು. ಮೀನು ಹೋಯಿತು, ದೋಣಿಗಳು ಹೋದವು, ಐಸ್ ಮಾತ್ರ ಉಳಿಯಿತು. ಒಂದು ಕಾಲಕ್ಕೆ ಶನಿವಾರ ಸಾವಿರ ಜನ ಸೇರುತ್ತಿದ್ದ ಕಡೆ ಈಗ ಇನ್ನೂರೈವತ್ತು ಸೇರಿದರೆ ಹೆಚ್ಚು. ಇಷ್ಟು ವರ್ಷಗಳಲ್ಲಿ ಹೆರನ್ಸ್ ಲೀಗ್ ಗೆದ್ದದ್ದು ಒಂದೇ ಸಲ, ೧೯೯೨ರಲ್ಲಿ.

ಆ ಗೋಲನ್ನು ಊರಿನಲ್ಲಿ ಕಾಣದವರೂ ಕಂಡಂತೆ ವರ್ಣಿಸುತ್ತಾರೆ. ಕೊನೆಯ ಪಂದ್ಯ, ಎರಡೂ ಕಡೆ ಮೂರು ಮೂರು ಗೋಲು, ಉಳಿದಿರುವುದು ನಲವತ್ತು ಸೆಕೆಂಡು. ನಾಯಕ ಡೆಸ್ ಪ್ರಿಕೆಟ್ ಎದುರಾಳಿಯ ನೀಲಿ ಗೆರೆಯ ಅಂಚಿನಲ್ಲಿ ಕಾದು ನಿಂತಿದ್ದಾನೆ. ಆಡುವ ಕಪ್ಪು ರಬ್ಬರ್ ಬಿಲ್ಲೆ ಗೆರೆ ದಾಟುವ ಮುನ್ನ ಆಟಗಾರ ದಾಟುವಂತಿಲ್ಲ, ದಾಟಿದರೆ ಗೋಲಿಲ್ಲ. ಬಿಲ್ಲೆ ಬಂತು, ಡೆಸ್ ತಿರುಗಿದ, ಹೊಡೆದ. ಗೋಲು.

ಈ ಬೇಸಿಗೆಯಲ್ಲಿ ಕ್ಲಬ್ಬಿನ ಸಮಿತಿ ಒಂದು ನಿರ್ಣಯ ಮಾಡಿತು. ಎಪ್ಪತ್ತೈದರ ನೆನಪಿಗೆ ರಿಂಕಿನ ನಡುಮಧ್ಯೆ, ಮಂಜುಗಡ್ಡೆಯ ಕೆಳಗೆ '೧೯೯೨ರ ಚಾಂಪಿಯನ್ನರು' ಎಂದು ದೊಡ್ಡ ಅಕ್ಷರಗಳಲ್ಲಿ ಬರೆಸಬೇಕು. ಬರೆಯುವವರು ನೆವಿಲ್. ಐವತ್ತು ವರ್ಷದಲ್ಲಿ ಮೊದಲ ಬಾರಿ ಅವರು ಒಂದು ಕೆಲಸಕ್ಕೆ "ಆಗಲ್ಲ" ಎಂದರು. ಕಾರಣ ಕೇಳಿದರೆ ಹೇಳಲಿಲ್ಲ. ಸಮಿತಿಯವರು ಮುದುಕನಿಗೆ ಕೊಬ್ಬು ಎಂದುಕೊಂಡರು.

ಕಾರಣ ಅವರು ನನಗೆ ಹೇಳಿದ್ದು ಖಾಲಿ ರಿಂಕಿನಲ್ಲಿ, ಚಹಾ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು.

"ಆಗ ನಮ್ಮತ್ರ ಇದ್ದಿದ್ದು ದಕ್ಕೆ ಕಾಲದ ಹಳೇ ಟೇಪು. ತುದಿ ಮುರಿದು ಮೊದಲ್ನೇ ಅಡಿಯೇ ಇರ್ಲಿಲ್ಲ. ಅಳೆಯೋವಾಗ ಒಂದಡಿ ಸೇರಿಸ್ಕೋಬೇಕು. ಎಲ್ಲಾರ್ಗೂ ಗೊತ್ತಿದ್ದ ವಿಷಯ. ತೊಂಬತ್ತೊಂದರ ಆಗಸ್ಟಿನಲ್ಲಿ ನಾನೊಬ್ಬನೇ ಗೆರೆ ಎಳೀತಿದ್ದೆ. ಒಂದು ತುದಿಗೆ ಸೇರಿಸ್ದೆ. ಇನ್ನೊಂದು ತುದಿಗೆ ಮರೆತೆ."

ನೀಲಿ ಗೆರೆ ಗೋಲಿಗೆ ಒಂದಡಿ ಹತ್ತಿರ ಬಿತ್ತು. ಯಾರೂ ಅಳೆದು ನೋಡಲಿಲ್ಲ. ಮರುವರ್ಷ ಹೊಸ ಗೆರೆಗೆ ಅಳತೆ ಹಿಡಿದಾಗಲೇ ಅಂಚಿನ ಹಲಗೆಯ ಮೇಲಿದ್ದ ಹಿಂದಿನ ವರ್ಷದ ಪೆನ್ಸಿಲ್ ಗುರುತು ಒಂದಡಿ ತಪ್ಪಿರುವುದು ಅವರಿಗೆ ಕಂಡದ್ದು. ಅದು ಡೆಸ್ ಗೋಲು ಹೊಡೆದ ತುದಿ. ಗೆರೆ ಸರಿಯಾದ ಜಾಗದಲ್ಲಿದ್ದಿದ್ದರೆ ಡೆಸ್ ಆಗಲೇ ಗೆರೆ ದಾಟಿದ್ದ.

"ಹೇಳಿದ್ರೆ ಅವನ ಗೋಲು ಹೋಗುತ್ತೆ. ಹೇಳದಿದ್ರೆ ನಾನು..." ಎಂದು ನಿಲ್ಲಿಸಿ, ಲೋಟದ ತಳವನ್ನು ನೋಡುತ್ತಾರೆ. "ಊರಿಗೆ ಇರೋದೇ ಒಂದು ಗೋಲು, ಅಮ್ಮಾ."

ಪ್ರತಿ ಏಪ್ರಿಲ್‌ನಲ್ಲಿ ಆಟದ ಋತು ಮುಗಿದ ದಿನ ರಿಂಕಿನ ಮಹಡಿಯಲ್ಲಿ ಹಳೆಯ ಹೊಸ ಆಟಗಾರರ ಊಟವಿರುತ್ತದೆ. ಅದೇ ದಿನ ಕೆಳಗೆ ಮಂಜುಗಡ್ಡೆ ಕರಗಿಸುವ ಕೆಲಸ. ಮೇಲೆ ಕುರ್ಚಿ ಎಳೆಯುವ ಸದ್ದು, ನಗು, ಆ ಗೋಲಿನ ಕಥೆ. ಕೆಳಗೆ ನೆವಿಲ್ ಪೈಪು ಹಿಡಿದು, ಬಣ್ಣ ಕದಡಿದ ನೀರನ್ನು ಮೋರಿಗೆ ತಳ್ಳುತ್ತಿರುತ್ತಾರೆ. ಮೂವತ್ತೆರಡು ವರ್ಷ ಅವರು ಆ ಮೆಟ್ಟಿಲು ಹತ್ತಿಲ್ಲ.

ಸಮಿತಿಯ ಪತ್ರ ಬಂದ ಮೂರನೇ ವಾರ ಅವರು ಟೋಪಿ ಕಳಚಿ ಕೈಯಲ್ಲಿ ಹಿಡಿದು, ಸಮುದ್ರದ ಬದಿಯ ಆರೈಕೆ ಮನೆಗೆ ಹೊರಟರು. ಲಕ್ವ ಹೊಡೆದು ಎಡಗೈ ಎಡಗಾಲು ಬಿದ್ದುಹೋದ ಮೇಲೆ ಡೆಸ್ ಇರುವುದು ಅಲ್ಲಿ. "ಜೊತೆಗೆ ಬನ್ನಿ, ಒಬ್ಬನೇ ಹೋದ್ರೆ ಬಾಗಿಲಿಂದಲೇ ವಾಪಸ್ ಬಂದ್ಬಿಡ್ತೀನಿ," ಎಂದದ್ದಕ್ಕೆ ನಾನೂ ಹೋದೆ.

ಡೆಸ್ ಗಾಲಿಕುರ್ಚಿಯಲ್ಲಿ ಕಿಟಕಿಗೆ ಮುಖಮಾಡಿ ಕೂತಿದ್ದಾರೆ. ಇಬ್ಬರೂ ಒಂದೇ ಶಾಲೆಯಲ್ಲಿ ಓದಿದವರು.

"ಬಾರೋ ಹುಡುಗಾ. ಯಾರು ಸತ್ರು?"

"ಯಾರೂ ಸತ್ತಿಲ್ಲ."

"ಮತ್ತೆ ಕೈಲಿ ಟೋಪಿ ಯಾಕೆ?"

ನೆವಿಲ್ ಕೂರಲಿಲ್ಲ. ನಿಂತೇ ಒಂದೇ ಉಸಿರಿನಲ್ಲಿ ಹೇಳಿಬಿಟ್ಟರು. "ತೊಂಬತ್ತೆರಡರಲ್ಲಿ ಗೆರೆ ತಪ್ಪಿತ್ತು ಡೆಸ್. ಒಂದಡಿ. ಎಳೆದೋನು ನಾನು. ಸರಿಯಿದ್ದಿದ್ರೆ ನಿನ್ನ ಗೋಲು ಗೋಲಾಗ್ತಿರ್ಲಿಲ್ಲ."

ಡೆಸ್ ಮತ್ತೆ ಕಿಟಕಿಯ ಕಡೆ ತಿರುಗಿದರು. ಆಮೇಲೆ ಅವರ ಮುಖದ ಒಂದು ಬದಿ ಮಾತ್ರ ಅಲುಗತೊಡಗಿತು. ನೆವಿಲ್ ಹೆದರಿ ಒಂದು ಹೆಜ್ಜೆ ಮುಂದಿಟ್ಟರು. ಡೆಸ್ ನಗುತ್ತಿದ್ದರು.

"ಒಂದಡಿ ಅಲ್ಲ ಕಣೋ, ಹದಿಮೂರು ಅಂಗುಲ. ಅಕ್ಟೋಬರಿನಲ್ಲೇ ಗೊತ್ತಾಗಿತ್ತು. ಆ ತುದೀಲಿ ನನ್ನ ಹೆಜ್ಜೆ ಲೆಕ್ಕ ತಪ್ತಿತ್ತು. ಒಂದಿನ ಹೆಂಡತಿಯ ಹೊಲಿಗೆ ಟೇಪು ತಂದು ಅಳೆದೆ."

"ನಂಗ್ಯಾಕೆ ಹೇಳ್ಲಿಲ್ಲ?"

"ನಿಂಗೆ ಹೇಳಿದ್ರೆ ಬಿಡ್ತಿದ್ಯಾ? ಅವತ್ತೇ ಐಸ್ ಕಿತ್ತು ಸರಿ ಮಾಡ್ತಿದ್ದೆ." ಡೆಸ್ ಅವರ ನಗು ನಿಂತಿತು. "ನಾನು ಕಾದು ನಿಂತಿದ್ದೇ ಆ ಒಂದಡಿ ಒಳಗೆ, ನೆವ್."

"ಎದುರಿನವ್ರೂ ಮಧ್ಯದ ಪಾಳೀಲಿ ತುದಿ ಬದಲಾಯ್ಸಿ ಅದೇ ಕಡೆಗೆ ಆಡಿದ್ರಲ್ಲ," ಎಂದರು ನೆವಿಲ್ ಮೆಲ್ಲಗೆ, ತಾವೇ ಅವರನ್ನು ಸಮಾಧಾನ ಮಾಡುವವರಂತೆ.

"ಆಡಿದ್ರು. ಅವ್ರಿಗೆ ಗೊತ್ತಿರ್ಲಿಲ್ಲ, ನಂಗೆ ಗೊತ್ತಿತ್ತು." ಒಂದು ಕ್ಷಣ ಬಿಟ್ಟು ಹೇಳಿದರು: "ನೀನು ಊಟಕ್ಕೆ ಬರದಿದ್ದಾಗೆಲ್ಲ ಅಂದ್ಕೋತಿದ್ದೆ, ಇವ್ನಿಗೆ ತಿಳಿದಿದೆ, ಕಳ್ಳನ ಜೊತೆ ಕೂತು ಉಣ್ಣಲ್ಲ ಅಂತ ಹೊರಗಿದಾನೆ ಅಂತ."

"ಐಸ್ ಕರಗಿಸ್ಬೇಕಿತ್ತು."

"ಮೂವತ್ತೆರಡು ವರ್ಷಾನೂ? ನಿನ್ನ ಪಾಲಿನ ಮಾಂಸದ ಪೈ ಅಷ್ಟೂ ವರ್ಷ ಗ್ಲೆನಿಸ್ ತಿಂದ್ಲು. ಅವಳ ಸೊಂಟ ನೋಡಿದ್ಯಾ? ಅದ್ರಲ್ಲಿ ಅರ್ಧ ನಿಂದೇ."

ಆಗ ನೆವಿಲ್ ಕೂತರು. ದಾದಿ ತಂದಿಟ್ಟ ಗಂಜಿಯನ್ನು ಡೆಸ್ ಬಲಗೈಯ ಚಮಚದಲ್ಲಿ ಎತ್ತಿಕೊಳ್ಳುವಾಗ ಬಟ್ಟಲು ಜಾರುತ್ತಿತ್ತು. ನೆವಿಲ್ ಒಂದು ಬೆರಳು ಚಾಚಿ ಬಟ್ಟಲಿನ ಅಂಚನ್ನು ಒತ್ತಿ ಹಿಡಿದರು, ಅದನ್ನು ನೋಡದವರ ಹಾಗೆ, ಕಿಟಕಿಯಾಚೆ ನೋಡುತ್ತಾ. ಊಟ ಮುಗಿಯುವವರೆಗೆ ಬೆರಳು ತೆಗೆಯಲಿಲ್ಲ.

ಹೊರಡುವಾಗ ನೆವಿಲ್ ಕೇಳಿದರು: "ಸಮಿತಿಯವ್ರು ಚಾಂಪಿಯನ್ ಅಂತ ಬರೆಯೋಕೆ ಹೇಳಿದಾರೆ. ಏನ್ಮಾಡ್ಲಿ?"

"ಆ ಪದ ಬೇಡ. ಹೆಸ್ರುಗಳನ್ನ ಬರಿ. ಆಡಿದ್ದಂತೂ ಸುಳ್ಳಲ್ವಲ್ಲ. ನಾಯಕ ಹೇಳ್ದ ಅಂತ ಹೇಳು, ಬಾಯಿ ಮುಚ್ಕೋತಾರೆ." ಆಮೇಲೆ ನನ್ನ ಕಡೆ ಬೆರಳು ಮಾಡಿದರು. "ಮಿಕ್ಕಿದ್ದನ್ನ ಈಯಮ್ಮ ಪೇಪರಿನಲ್ಲಿ ಬರೀಲಿ. ಎಲ್ಲಾನೂ ಬರೀಲಿ. ಗೆರೆ ತಪ್ಪಿತ್ತು, ಆದ್ರೆ ಹೊಡೆತ ಚೆನ್ನಾಗಿತ್ತು ಅಂತಾನೂ ಬರೀಬೇಕು."

ಹೊಡೆತ ಚೆನ್ನಾಗಿತ್ತು. ಅವತ್ತು ನಾನೂ ಅಲ್ಲಿದ್ದೆ.

ಇವತ್ತು ಬೆಳಗ್ಗೆ ಬಿಳಿ ಬಣ್ಣ ಒಣಗಿ ನಿಂತಿದೆ. ನೆವಿಲ್ ಮೊಣಕಾಲಿಗೆ ಹಳೆಯ ದಿಂಬು ಕಟ್ಟಿಕೊಂಡು, ರಿಂಕಿನ ನಡುವೆ ಹೆಸರುಗಳನ್ನು ಬರೆಯುತ್ತಿದ್ದಾರೆ. ಹತ್ತೊಂಬತ್ತು ಹೆಸರು. ಅವರಲ್ಲಿ ಏಳು ಮಂದಿ ಈಗ ಇಲ್ಲ. ಒಂದೊಂದು ಅಕ್ಷರ ಮುಗಿದಾಗಲೂ ಕುಂಚವನ್ನು ಎತ್ತಿ ಉಸಿರು ಬಿಡುತ್ತಾರೆ, ಉಸಿರು ಬೆಳ್ಳಗೆ ಹರಡುತ್ತದೆ. ಇಪ್ಪತ್ತು ಪದರ ನೀರು ಬಿದ್ದ ಮೇಲೆ ಪ್ರೇಕ್ಷಕರ ಸ್ಟ್ಯಾಂಡಿನ ಕೊನೆಯ ಸಾಲಿಗೂ ಈ ಹೆಸರುಗಳು ಕಾಣುತ್ತವೆ. ತಮ್ಮ ಹೆಸರನ್ನೂ ಬರೆದುಕೊಳ್ಳಿ ಎಂದರೆ ನಕ್ಕುಬಿಡುತ್ತಾರೆ. "ನಾನೆಲ್ಲಿ ಆಡಿದ್ದೆ?"

ಬರುವ ಏಪ್ರಿಲ್‌ನ ಊಟಕ್ಕೆ ಹೋಗುತ್ತೀರಾ ಎಂದು ಕೇಳಿದೆ. ಕುಂಚ ಗಾಳಿಯಲ್ಲೇ ನಿಂತಿತು.

"ಹೋಗ್ಬೇಕು. ಮಹಡಿಗೆ ಇಪ್ಪತ್ತೆರಡು ಮೆಟ್ಟಿಲು. ಗಾಲಿಕುರ್ಚಿ ಎತ್ತೋಕೆ ನಾಲ್ಕು ಜನ ಬೇಕು, ಮೂವರನ್ನ ಆಗ್ಲೇ ಕೇಳಿದೀನಿ, ನಾಲ್ಕನೆಯವ್ನು ನಾನು." ಅವರು ಮತ್ತೆ ಬಾಗಿ, ಡೆಸ್‌ನ ಹೆಸರಿನ ಕೊನೆಯ ಅಕ್ಷರವನ್ನು ಪೂರ್ತಿ ಮಾಡುತ್ತಾರೆ. "ಏಪ್ರಿಲ್‌ವರೆಗೆ ಐಸ್ ಉಳಿಸೋದು ನನ್ನ ಕೈಲಿದೆ, ಅಮ್ಮಾ. ಉಳಿಸ್ತೀನಿ. ಅವ್ನೂ ಅಲ್ಲೀವರ್ಗೂ ಉಳಿದ್ರೆ ಸಾಕು."