ಕಬ್ಬಿಣದ ಉಪಚಾರ

ಟಾನಿಕ್ ಬಾಟಲಿಯ ತಲೆಯ ಮೇಲೆ ಟೊಪ್ಪಿಗೆಯಂತೆ ಕೂತು ಬರುವ ಪುಟ್ಟ ಪ್ಲಾಸ್ಟಿಕ್ ಲೋಟವನ್ನು ಯಾವ ಗೃಹಿಣಿಯೂ ಬಿಸಾಡುವುದಿಲ್ಲವೆಂಬುದನ್ನು ನೀವೂ ಗಮನಿಸಿರಬೇಕು. ತೊಂಬತ್ತರ ದಶಕದ ಕೊನೆಯಲ್ಲಿ ಹೊನ್ನಾವರದ ನಮ್ಮ ಅಡುಗೆಮನೆಯಲ್ಲಂತೂ ಸಾಸಿವೆಗೊಂದು, ಮೆಂತೆಗೊಂದು, ಇಂಗಿಗೊಂದು ಎಂದು ಅವುಗಳ ವಂಶಾಭಿವೃದ್ಧಿಯೇ ಆಗಿತ್ತು. ಏಕೆಂದರೆ ನಾನು ಹುಟ್ಟಾ ರಕ್ತಹೀನೆ.

ಹೆಣ್ಣು ನೋಡಲು ಬಂದ ದಿನ ‘ಹುಡುಗಿ ಬೆಳ್ಳಗಿದ್ದಾಳೆ’ ಎಂಬ ಮೆಚ್ಚುಗೆ ಗಳಿಸಿದ ನನ್ನ ಬಣ್ಣವೇ ಮದುವೆಯ ನಂತರ ‘ಬಿಳಿಚಿಕೊಂಡಿದ್ದಾಳೆ’ ಎಂಬ ಕಳವಳಕ್ಕೆ ಬಡ್ತಿ ಪಡೆಯಿತು. ಕಾನ್ವೆಂಟಿನ ಸಿಸ್ಟರ್‌ಗಳಿಂದ ಹಿಡಿದು ತವರೂರು ಕಾಗಾಲದ ನನ್ನ ಅಮ್ಮನವರೆಗೆ ಎಲ್ಲರೂ ನನಗೆ ಕಬ್ಬಿಣದ ಟಾನಿಕ್ ಕುಡಿಸಿದವರೇ. ಬಸಿರಾದಾಗ ಆ ಹೊಣೆಯನ್ನು ಅತ್ತೆ ವಹಿಸಿಕೊಂಡು, ಎರಡು ಹೊತ್ತೂ ಎದುರಿಗೆ ನಿಂತು, ಕೊನೆಯ ಹನಿಯವರೆಗೆ ಕುಡಿಸಿದರು. ಅಷ್ಟು ಕಬ್ಬಿಣಕ್ಕೆ ಈ ಕಡಲತೀರದ ಹವೆಯಲ್ಲಿ ನಾನು ತುಕ್ಕು ಹಿಡಿಯದೆ ಉಳಿದದ್ದೇ ಆಶ್ಚರ್ಯ.

ಕುಮಟೆಯ ಡಾಕ್ಟರಮ್ಮನಿಗೆ ಮಾತ್ರ ಸಂಶಯ ಬಂತು. ಮಂಗಳೂರಿಗೆ ಹೋದ ನನ್ನ ರಕ್ತ ಉತ್ತರ ತಂದಿತು: ಥಲಸ್ಸೇಮಿಯಾ ಎಂಬ ದೋಷದ ಒಂದು ಪಾಲು ನನಗೆ ವಂಶದಿಂದ ಬಂದಿದೆ, ರಕ್ತ ಕಡಿಮೆಯಿರುವುದು ಅದರಿಂದ, ಕಬ್ಬಿಣವಂತೂ ಮೈಯಲ್ಲಿ ಬೇಕಾದಷ್ಟಿದೆ. ಆದ್ದರಿಂದ ಟಾನಿಕ್ ಬಂದ್. ಫೋಲಿಕ್ ಆಸಿಡ್‌ನ ಪುಟ್ಟ ಹಳದಿ ಮಾತ್ರೆ ಸಾಕು.

“ಹಾಂಗಾರೆ ಇಷ್ಟ್ ದಿನ ಕುಡ್ದದ್ದು ಎಂತ ಆತು?” ಎಂದು ಅತ್ತೆ, ತಾವೇ ಕುಡಿದವರಂತೆ ನೊಂದುಕೊಂಡರು.

ಆದರೆ ಡಾಕ್ಟರಮ್ಮ ಇನ್ನೊಂದು ಮಾತು ಹೇಳಿದ್ದರು. ಗಂಡನಿಗೂ ಅದೇ ದೋಷವಿದ್ದು ಇಬ್ಬರ ಪಾಲೂ ಸೇರಿದರೆ, ಮಗು ಜೀವಮಾನವಿಡೀ ಇನ್ನೊಬ್ಬರ ರಕ್ತ ಏರಿಸಿಕೊಂಡೇ ಬದುಕಬೇಕಾದೀತು. ಸೂಜಿ ಕಂಡರೆ ಬೆವರುವ ನನ್ನವರು, ಯಾರೂ ಹೇಳುವ ಮೊದಲೇ ಅಂಗಿಯ ತೋಳು ಮಡಚಿ ಕೂತರು. ವರದಿ ಬರುವವರೆಗೆ, ಬಸುರಿಯ ಬಯಕೆ ವಿಚಾರಿಸಲು ಬಂದ ನೆರೆಯವರನ್ನು ಅತ್ತೆ ಚಹಾ ಕೊಟ್ಟು ಬೇರೆ ಮಾತಿಗೆಳೆಯುತ್ತಿದ್ದರು. ಮಗುವಿನ ಹೆಸರಿನ ಮಾತನ್ನು ನಾವ್ಯಾರೂ ಎತ್ತಲಿಲ್ಲ.

ವರದಿ ಬಂದ ದಿನ ಡಾಕ್ಟರಮ್ಮ ನಕ್ಕರು. “ನಿಮ್ಮವರದ್ದು ಸರಿ ಇದೆ. ಇನ್ನು ಹೆದರಿಕೆ ಇಲ್ಲ. ಮಗು ಹೆಚ್ಚೆಂದರೆ ನಿಮ್ಮ ಹಾಗೆ ಆಗಬಹುದು, ಅಷ್ಟೇ.”

ಮಗುವಿಗೆ ಒದಗಬಹುದಾದ ಅತಿದೊಡ್ಡ ಆಪತ್ತೆಂದರೆ ತಾನೇ ಎಂದು ಕೇಳಿ ನನ್ನಷ್ಟು ಹಿಗ್ಗಿದ ತಾಯಿ ಇನ್ನೊಬ್ಬಳಿರಲಾರಳು. ಮನೆಗೆ ಬಂದು ಅದನ್ನೇ ಹೇಳಿದೆ. ಅತ್ತೆ ಕಾಯಿ ತುರಿಯುವುದನ್ನು ನಿಲ್ಲಿಸಿ, ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದರು.

“ನಿನ್ನಾಂಗೆ ಆದ್ರೆ ಅಡ್ಡಿಲ್ಲ ಮಾರಾಯ್ತಿ. ನಮ್ಗೆ ರೂಢಿ ಆತು.”